ಜೆಟ್ಟಿಯ ಕೆಳಗಿನ ಹೊಲಿದ ಹಡಗು

ಆ ಹಲಗೆಯ ತುಂಡು ನನ್ನ ಮೇಜಿಗೆ ಬಂದದ್ದು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಕೊಂಡು, ಚೆನ್ನಾಗಿ ಒಣಗಿ. ಬಿಚ್ಚಿ ನೋಡಿದರೆ ತುಂಡು ಚೂರಾಗಿತ್ತು. ಕಪ್ಪಗೆ ಸೆಡೆತು, ಅಂಚೆಲ್ಲ ಮೇಲಕ್ಕೆ ಸುರುಳಿಕೊಂಡು, ಸೀದ ಹಪ್ಪಳದ ಹಾಗೆ ಕಾಣುತ್ತಿತ್ತು. ಸೂರತ್ತಿನ ಕೆಳಗೆ ತಾಪಿ ನದಿಯ ಅಳಿವೆಯಲ್ಲಿ ಹೊಸ ಜೆಟ್ಟಿ ಕಟ್ಟಲು ಕೆಸರು ತೆಗೆಯುತ್ತಿದ್ದಾಗ ಸಿಕ್ಕಿತಂತೆ. ನಿಮ್ಮ ಪ್ರಾಚ್ಯವಸ್ತು ಇಲಾಖೆಗೆ ಬೇಕಾದೀತೇ ಎಂದು ಅಲ್ಲಿನ ಎಂಜಿನಿಯರರು ಕೇಳಿ ಕಳಿಸಿದ್ದರು.

ಅರವತ್ತರ ದಶಕದ ನಡುವಿನ ಮಾತು ಇದು. ನಾನು ವಡೋದರಾದಲ್ಲಿ ಇಲಾಖೆಯ ಪ್ರಯೋಗಾಲಯದ ಒಬ್ಬಳೇ ಕೆಮಿಸ್ಟು. ನಾಣ್ಯದ ಕಿಲುಬು ತೆಗೆಯುವುದು, ಶಿಲ್ಪದೊಳಗಿನ ಉಪ್ಪು ಇಳಿಸುವುದು, ತಾಳೆಗರಿಯ ಹುಳು ಓಡಿಸುವುದು, ಇಷ್ಟೇ ನನ್ನ ಸಾಮ್ರಾಜ್ಯ. ನೀರಿನಡಿಯಿಂದ ಬಂದ ವಸ್ತುವನ್ನು ಅದುವರೆಗೆ ಮುಟ್ಟಿದವಳೇ ಅಲ್ಲ. ಆದರೂ ಆ ಚೂರುಗಳ ಅಂಚಿನಲ್ಲಿ ಸಾಲಾಗಿ ಕೊರೆದ ತೂತುಗಳನ್ನು ಕಂಡ ಕೂಡಲೇ ಗುರುತು ಹತ್ತಿತು. ನಾನು ಹುಟ್ಟಿದ್ದು ಕುಮಟಾದ ಕಡಲ ದಂಡೆಯಲ್ಲಿ. ನಮ್ಮೂರಿನಲ್ಲಿ ಮೀನು ಹಿಡಿಯುವ ರಂಪಣಿ ದೋಣಿಗಳಿಗೆ ಮೊಳೆ ಹೊಡೆಯುವುದಿಲ್ಲ. ಹಲಗೆಗೆ ಹಲಗೆ ಜೋಡಿಸಿ, ತೂತು ಕೊರೆದು, ತೆಂಗಿನ ಹುರಿಯಿಂದ ಹೊಲಿಯುತ್ತಾರೆ. ನನ್ನ ಮೇಜಿನ ಮೇಲೆ ಬಿದ್ದಿದ್ದುದು ಅಂಥದೇ ಹೊಲಿದ ಹಡಗಿನ ಚೂರು. ಮೊಳೆಯ ಕಾಲಕ್ಕೂ ಹಿಂದಿನ ಆ ಕಸುಬಿನ ದೊಡ್ಡ ಹಡಗು ಒಂದಾದರೂ ಎಲ್ಲಿಯೋ ಉಳಿದಿದೆ ಎಂದು ನಾನು ಕೇಳಿರಲಿಲ್ಲ.

ಸೂರತ್ತಿಗೆ ಟ್ರಂಕ್ ಕಾಲ್ ಮಾಡಿ ಕೂಗಿದೆ. "ಇನ್ನೊಂದು ಹಲಗೆಯನ್ನೂ ಮೇಲೆತ್ತಬೇಡಿ. ಎತ್ತಿದ್ದು ಏನಾದರೂ ಇದ್ದರೆ ವಾಪಸ್ ನೀರಿಗೆ ಹಾಕಿ!"

"ಅರೇ ಬೇನ್, ಮಳೆಗಾಲಕ್ಕೆ ಮುಂಚೆ ನಾನು ಕಂಬ ಇಳಿಸಬೇಕು. ನೋಡೋದಿದ್ದರೆ ಬೇಗ ಬನ್ನಿ" ಎಂದರು ಎಂಜಿನಿಯರರು. ಆ ಊರಿನಲ್ಲಿ ಹೆಂಗಸರೆಲ್ಲರೂ ಬೇನ್, ಅಂದರೆ ಅಕ್ಕ. ಮರುದಿನವೇ ರೈಲು ಹತ್ತಿದೆ.

ಸೂರತ್ತಿನಲ್ಲಿ ನಾನು ಇಳಿದುಕೊಂಡದ್ದು ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯವರೊಬ್ಬರು ನಡೆಸುತ್ತಿದ್ದ ಹೋಟೆಲಿನ ಮೇಲಿನ ಮನೆಯಲ್ಲಿ. ಯಜಮಾನರಿಗೆ ಕನ್ನಡದಲ್ಲಿ ಮಾತಾಡುವವರು ಸಿಕ್ಕರೆ ಸಾಕು, ಗಲ್ಲಾ ಬಿಟ್ಟು ಎದ್ದು ಬರುತ್ತಿದ್ದರು. ಅವರ ಮಕ್ಕಳು ಆಗಲೇ ತಂದೆಗೆ ಗುಜರಾತಿಯಲ್ಲೇ ಉತ್ತರ ಕೊಡುತ್ತಿದ್ದವು.

"ಎಂತ ಅಕ್ಕಾ, ಮ್ಯೂಸಿಯಮ್ಮಿನವರು ಕೆಸರು ತುಳಿಯಲಿಕ್ಕೂ ಬರ್ತಾರಾ?"

"ಕೆಸರಿನಡಿ ನಮ್ಮೂರಿನ ಥರದ್ದೇ ಹೊಲಿದ ಬೋಟು ಸಿಕ್ಕಿದೆ."

"ಹೌದಾ ಮಾರಾಯ್ರೇ! ಇಷ್ಟು ದೂರ ಬಂದು ಮುಳುಗಿತಾ ಪಾಪ!" ಎಂದು ಅವರು ಸಂಬಂಧಿಕರ ಸುದ್ದಿ ಕೇಳಿದವರ ಹಾಗೆ ಲೊಚಗುಟ್ಟಿದರು.

ಇಳಿತದ ಹೊತ್ತಿಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹಾಸಿದ ಹಲಗೆಗಳ ಮೇಲೆ ಕಾಲಿಡುತ್ತ ಕೆಸರಿಗೆ ಇಳಿದೆ. ಹಡಗು ಒಂದು ಮಗ್ಗುಲಿಗೆ ಒರಗಿ ಮಲಗಿತ್ತು. ಯಂತ್ರದ ಬಕೆಟ್ಟು ಹಿಂಭಾಗದ ಒಂದು ಮೂಲೆಯನ್ನು ಕಚ್ಚಿ ಹರಿದಿತ್ತು. ಮಿಕ್ಕದ್ದೆಲ್ಲ ಕೆಸರಿನೊಳಗೆ ಹಾಗೇ ಇತ್ತು. ಕೈಯಿಂದ ಕೆಸರು ಬಳಿದು ನೋಡಿದೆ. ಹಲಗೆಯ ಸಂದಿನ ಮೇಲೆ ನಾರಿನ ದಿಂಡು, ಅದರ ಮೇಲೆ ಅಡ್ಡಡ್ಡ ಹೋದ ಹುರಿ, ಪ್ರತಿ ತೂತಿಗೂ ಜಡಿದ ಮರದ ಬೆಣೆ. ಹುರಿ ಇನ್ನೂ ಬಿಗಿಯಾಗಿತ್ತು. ನನಗೆ ಅಳು ಬಂತು. ಎಂಜಿನಿಯರರು ನೋಡುತ್ತಾರಲ್ಲ ಎಂದು ಮುಖಕ್ಕೆ ಕೆಸರು ಸಿಡಿದವಳ ಹಾಗೆ ಒರೆಸಿಕೊಂಡೆ.

ಪರ್ಸಿನಿಂದ ಹೊಲಿಗೆ ಸೂಜಿ ತೆಗೆದು ಹಲಗೆಗೆ ಆನಿಸಿದೆ. ಸಾಗುವಾನಿ ಮರ ಅದು, ಸೂಜಿ ಮುರಿಯಬೇಕಿತ್ತು. ಇಡ್ಲಿಗೆ ಇಳಿದ ಹಾಗೆ ಇಳಿಯಿತು.

"ನೋಡಿ, ಮರದ ಒಳಗಿನ ಗಟ್ಟಿ ಎಲ್ಲ ಎಂದೋ ಕರಗಿಹೋಗಿದೆ. ಆ ಜಾಗದಲ್ಲಿ ನೀರು ನಿಂತಿದೆ. ಈಗ ಹಡಗಿನ ಆಕಾರ ಹಿಡಿದಿಟ್ಟಿರೋದು ಮರ ಅಲ್ಲ, ನೀರು. ಒಣಗಿದರೆ ಕುಸಿಯುತ್ತೆ. ಆಮೇಲೆ ಗಂಗಾನದಿಯಲ್ಲೇ ಮುಳುಗಿಸಿದರೂ ಮೊದಲಿನ ಹಾಗೆ ಆಗಲ್ಲ" ಎಂದೆ.

"ಮತ್ತೆ ಇಷ್ಟು ದಿನ ಹೇಗೆ ಉಳೀತು?"

"ಕೆಸರಿನಿಂದ. ಅದರೊಳಗೆ ಗಾಳಿ ಆಡಲ್ಲ. ಮರ ಕೊರೆಯುವ ಹುಳು ಬದುಕಲ್ಲ. ಇದನ್ನ ಹೀಗೇ ಮುಚ್ಚಿಬಿಡಿ. ಜೆಟ್ಟಿಯನ್ನ ಸ್ವಲ್ಪ ಅತ್ತ ಸರಿಸಿ."

ಅವರು ನಕ್ಕರು. ಕೆಟ್ಟ ಮನುಷ್ಯರಲ್ಲ, ಬಿಸಿಲಿಗೆ ಸುಟ್ಟ ಮುಖ, ಸದಾ ಗಡಿಬಿಡಿ. "ಬೇನ್, ಜೆಟ್ಟಿಯ ಗೆರೆ ಎಳೆದದ್ದು ಅಹಮದಾಬಾದಿನಲ್ಲಿ. ಅಲ್ಲಿ ಹೋಗಿ ಸರಿಸಿ. ನಾನು ಕಂಬ ಹೊಡೆಯೋನು, ಅಷ್ಟೇ."

ಸರಿ, ಅಹಮದಾಬಾದಿಗೆ ಹೋದೆ. ನಮ್ಮ ಮೇಲಧಿಕಾರಿಯ ಕಚೇರಿಯ ಹೊರಗೆ ಬೆಂಚಿನ ಮೇಲೆ ಕಾದು ಕಾದು ಬೆನ್ನು ಬಿದ್ದುಹೋಯಿತು. ಒಳಗೆ ಕರೆದಾಗ ಸಾಹೇಬರು ಬಹಳ ಖುಷಿಯಲ್ಲಿದ್ದರು. ಹಡಗು! ಇಡೀ ಹಡಗನ್ನು ಮೇಲೆತ್ತಿ, ಮ್ಯೂಸಿಯಮ್ಮಿನ ಅಂಗಳದಲ್ಲಿ ಕಂಬದ ಮೇಲೆ ನಿಲ್ಲಿಸಿ, ಮಂತ್ರಿಗಳನ್ನು ಕರೆಸಿ ಹಾರ ಹಾಕಿಸುವುದು ಅವರ ಆಸೆ.

"ಹಾರ ಹಾಕುವ ಹೊತ್ತಿಗೆ ಅದು ಸೌದೆ ಆಗಿರುತ್ತೆ ಸಾರ್" ಎಂದೆ. ನನ್ನ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. "ಎತ್ತಲೇಬಾರದು. ಇದ್ದಲ್ಲೇ ಕಾಯಬೇಕು."

"ಹೇಗೆ ಕಾಯೋದಮ್ಮಾ? ನಮ್ಮ ಕಾನೂನು ನೆಲದ ಮೇಲಿನದಕ್ಕೆ. ನೀರಿನೊಳಗಿದ್ದದ್ದು ಬಂದರಿನವರ ಪಾಲು."

"ಇಳಿತದಲ್ಲಿ ಅದು ನೆಲವೇ ಸಾರ್. ನಾನು ನಡೆದು ಬಂದಿದ್ದೀನಿ."

"ಉಬ್ಬರ ಬಂದಾಗ?"

ಅವರಿಗೆ ಗೆದ್ದ ಸಂತೋಷ. "ನಿಮಗೆ ನೀರೇ ಬೇಕು ಅಂದರೆ ಇಲ್ಲೇ ವಸ್ತ್ರಾಪುರದ ಕೆರೆಗೆ ತಂದು ಹಾಕಿ. ಎಮ್ಮೆಗಳು ಕಾಯ್ಕೊಂಡಿರ್ತವೆ" ಎಂದು ತಾವೇ ನಕ್ಕರು. ನಾನು ಎದ್ದು ಹೋಗಲಿಲ್ಲ. ಕುರ್ಚಿ ಕಚ್ಚಿಕೊಂಡು ಕೂತೆ. ಕೊನೆಗೆ ಬೇಸತ್ತು ಒಂದು ಮಾತು ಕೊಟ್ಟರು: "ಹಿಂಭಾಗ ಹೇಗೂ ಹರಿದಿದೆ. ಅಲ್ಲಿಂದ ನಾಲ್ಕು ಹಲಗೆ ಹೊಲಿಗೆ ಸಮೇತ ಎತ್ತಿ, ಉಳಿಸಿ ತೋರಿಸಿ. ನಾನೇ ಬಂದು ನೋಡ್ತೀನಿ. ಉಳಿದಿದ್ದರೆ, ಇಂಥ ವಸ್ತು ಕೆಳಗಿದೆ, ಜೆಟ್ಟಿ ಸರಿಸಿ ಅಂತ ಬಂದರಿನವರಿಗೆ ಕಟ್ಟುನಿಟ್ಟಾಗಿ ಬರೀತೀನಿ. ಉಳಿಯದಿದ್ದರೆ ನನ್ನ ತಲೆ ತಿನ್ನಬಾರದು."

ಒಪ್ಪಿಕೊಂಡೆ. ಇಡೀ ಹಡಗಿನ ಹಣೆಬರಹ ನಾಲ್ಕು ಹಲಗೆಯ ಮೇಲೆ ನಿಂತಿತು.

ಎತ್ತುವುದೆಂದರೆ ಯಂತ್ರದಿಂದ ಎಳೆಯುವುದಲ್ಲ. ಇಳಿತ ಸಿಕ್ಕಷ್ಟು ಹೊತ್ತು ಕೈಯಿಂದಲೂ ಮರದ ಸೌಟಿನಿಂದಲೂ ಕೆಸರು ಬಿಡಿಸುವುದು, ಉಬ್ಬರ ಬಂದರೆ ಎದ್ದು ಓಡುವುದು, ಮತ್ತೆ ಇಳಿತಕ್ಕೆ ಬಂದು ನೋಡಿದರೆ ತೆಗೆದ ಹಳ್ಳವೆಲ್ಲ ತುಂಬಿರುವುದು. ಹಲಗೆಗಳ ಕೆಳಗೆ ಒಂದು ಹೊಸ ಮಣೆಯನ್ನು ಇಷ್ಟಿಷ್ಟೇ ತೂರಿಸಿದೆವು. ಮೇಲೆ ಹೋಟೆಲ್ ಯಜಮಾನರು ಕೊಟ್ಟ ಅಕ್ಕಿಯ ಗೋಣಿಚೀಲಗಳನ್ನು ನೆನೆಸಿ ಹೊದಿಸಿ ಮೆತ್ತಗೆ ಕಟ್ಟಿದೆವು. ಮಣೆಯ ಎರಡು ಬದಿಗೆ ಖಾಲಿ ಡ್ರಮ್ಮು ಬಿಗಿದು ಉಬ್ಬರಕ್ಕೆ ಕಾದೆವು. ಮನುಷ್ಯರು ಎತ್ತಿದರೆ ಬಾಗಿ ಮುರಿಯುತ್ತಿತ್ತು. ನೀರೇ ಎತ್ತಲಿ ಎಂಬುದು ನನ್ನ ಲೆಕ್ಕ. ನೀರು ಏರಿತು, ಡ್ರಮ್ಮು ಎದ್ದವು, ಹಲಗೆಗಳು ಸದ್ದಿಲ್ಲದೆ ಕೆಸರು ಬಿಟ್ಟು ಮೇಲೆ ಬಂದವು. ಕೂಲಿಯವರು ಹೋ ಎಂದು ಕೂಗಿದರು. ಎಂಜಿನಿಯರರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

ನೆನೆಸಿಡಲು ತೊಟ್ಟಿ ಬೇಕಲ್ಲ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಮುಚ್ಚಿತ್ತು. ಅದರ ಸಿಮೆಂಟಿನ ತೊಟ್ಟಿಗಳು ಖಾಲಿ ಬಿದ್ದಿದ್ದವು. ಗುಲಾಬಿ, ಹಸಿರು ಬಣ್ಣ ಹೋಗುವವರೆಗೆ ತಿಕ್ಕಿ ತಿಕ್ಕಿ ತೊಳೆಸಿದೆ. ಮೊದಲು ಅಳಿವೆಯ ನೀರನ್ನೇ ತುಂಬಿಸಿದೆ. ದಿನಾ ಒಂದಿಷ್ಟು ಬಸಿದು, ಅಷ್ಟೇ ಬಾವಿಯ ನೀರು ಸೇರಿಸುವುದು. ಉಪ್ಪು ನಿಧಾನವಾಗಿ ಇಳಿಯಬೇಕು, ಅವಸರ ಮಾಡಿದರೆ ಮರ ಬಿರಿಯುತ್ತದೆ. ಪಾಚಿ ಹಿಡಿಯದಂತೆ ಬೋರಿಕ್ ಆಮ್ಲ ಹಾಕಿದೆ. ತೊಟ್ಟಿಗೆ ಟಾರ್ಪಾಲು ಮುಚ್ಚಿ, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟು ಹೇಳಿದೆ: "ಏನೇ ಆದರೂ ನೀರು ಕಡಿಮೆ ಆಗಬಾರದು. ನಿನ್ನ ಮನೆಯ ಕೊಡ ಬರಿದಾದರೂ ಪರವಾಗಿಲ್ಲ, ಇದು ಬರಿದಾಗಬಾರದು."

ನೆನೆಸಿಡುವುದು ಕಾಯುವುದು ಮಾತ್ರ, ಉಳಿಸುವುದಲ್ಲ. ಮರದೊಳಗಿನ ನೀರಿನ ಜಾಗಕ್ಕೆ ಬೇರೇನಾದರೂ ಹೋಗಿ ಕೂರಬೇಕು. ಹೊರದೇಶಗಳಲ್ಲಿ ಮೇಣದಂಥ ಒಂದು ಹೊಸ ರಾಸಾಯನಿಕ ಬಳಸಲು ತೊಡಗಿದ್ದರು. ಅದನ್ನು ತರಿಸಲು ಆಮದು ಪರವಾನಗಿ ಬೇಕು. ಆ ಕಾಲದಲ್ಲಿ ಪರವಾನಗಿ ಕೇಳುವುದೂ ಒಂದೇ, ತಪಸ್ಸಿಗೆ ಕೂರುವುದೂ ಒಂದೇ. ಹಳೆಯ ದಾರಿ ಒಂದಿತ್ತು: ಪಟಿಕವನ್ನು ಕುದಿನೀರಿನಲ್ಲಿ ಕರಗಿಸಿ ಅದರಲ್ಲಿ ಮರವನ್ನು ಬೇಯಿಸುವುದು. ಕಿತ್ತುಹೋಗಿದ್ದ ಕೆಲವು ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅದರ ಪರೀಕ್ಷೆಗಾಗಿ ವಡೋದರಾಕ್ಕೆ ಹೋದೆ.

ಮೊದಲ ಚೂರು ಬೆಂದು ಹಿಟ್ಟಾಯಿತು. ಇನ್ನೊಂದರ ಮೇಲೆ ಬಿಳಿ ಹರಳು ಎದ್ದು, ಒಣಗುತ್ತ ಟಪ್ಪೆಂದು ಸೀಳಿತು. ಸಿಟ್ಟಿನಿಂದ ಪಾತ್ರೆಯನ್ನೇ ಎತ್ತಿ ಒಗೆಯಬೇಕೆನಿಸಿತು. ಪಟಿಕ ಕಡಿಮೆ ಮಾಡಿ, ಗ್ಲಿಸರಿನ್ ಸೇರಿಸಿ, ಕುದಿಸದೆ ಬರೀ ಬಿಸಿಯಲ್ಲಿ ದಿನಗಟ್ಟಲೆ ಇಟ್ಟೆ. ಒಂದು ಚೂರು ನಿಂತಿತು. ಹೊರಗಿಟ್ಟರೂ ಸೆಡೆಯಲಿಲ್ಲ, ತೂತಿನ ದುಂಡು ಹಾಗೇ ಇತ್ತು, ಹುರಿಯ ಎಳೆಯೂ ಉದುರಲಿಲ್ಲ. ಆ ಚೂರನ್ನು ಗಾಜಿನ ಜಾಡಿಗೆ ಹಾಕಿ ಮಡಿಲಲ್ಲಿಟ್ಟುಕೊಂಡು ಸೂರತ್ತಿನ ರೈಲಿನಲ್ಲಿ ಕೂತೆ. ಎದುರಿನ ಹೆಂಗಸು ಉಪ್ಪಿನಕಾಯಿಯಾ ಎಂದು ಕೇಳಿದಳು. ಹೌದು ಎಂದೆ. ಅಷ್ಟು ಸಂತೋಷವಾಗಿತ್ತು ನನಗೆ.

ಕತಾರ್‌ಗಾಮ್‌ನ ಕಾರ್ಖಾನೆಯ ಬಾಗಿಲು ತೆರೆದಿತ್ತು. ಒಳಗೆ ನಮ್ಮ ವಡೋದರಾದ ಸ್ಟೋರ್‌ಕೀಪರ್ ಇದ್ದರು. ಇಲಾಖೆಯಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗೂ ಕಾಕಾ, ಎಂದರೆ ಚಿಕ್ಕಪ್ಪ. ಎಲ್ಲೆಲ್ಲಿಯ ದಿಬ್ಬ ಅಗೆದರೂ ಸಿಕ್ಕ ಮಡಕೆ, ಮಣಿ, ಮೂಳೆ ಎಲ್ಲದಕ್ಕೂ ನಂಬರು ಬರೆದವರು ಅವರೇ. ನಮ್ಮಲ್ಲಿ ಪದ್ಧತಿ ಹೀಗೆ: ಸಿಕ್ಕ ವಸ್ತುವನ್ನು ತೊಳೆ, ಬಿಸಿಲಿಗೆ ಒಣಗಿಸು, ಒಂದು ಮೂಲೆಗೆ ಬಿಳಿ ಬಣ್ಣದ ಪಟ್ಟೆ ಬಳಿ, ಅದರ ಮೇಲೆ ಕಪ್ಪು ಶಾಯಿಯಿಂದ ನಂಬರು ಬರೆ, ಮೇಲೆ ವಾರ್ನಿಷ್ ಹಚ್ಚು. ನಂಬರು ಬೀಳುವವರೆಗೆ ಅದು ಇಲಾಖೆಯದ್ದಲ್ಲ.

"ಬನ್ನಿ ಬೇನ್, ಬನ್ನಿ. ಸಾಹೇಬರು ಬರೋ ದಿನ ಗೊತ್ತಾಯ್ತು. ನೀವು ಪರೀಕ್ಷೆಯಲ್ಲಿ ಮುಳುಗಿದ್ರಲ್ಲ, ಅದಕ್ಕೇ ನಾನೇ ಓಡಿ ಬಂದೆ. ನಿಮ್ಮ ಹಡಗು ಈಗ ನಮ್ಮದಾಯ್ತು!"

ತೊಟ್ಟಿಯ ಕಡೆ ನೋಡಿದೆ. ನೀರು ಕಂಠಮಟ್ಟ ತುಂಬಿತ್ತು. ನೀರಿನೊಳಗೆ ನಾಲ್ಕು ಹಲಗೆ ಸಾಲಾಗಿ ಮಲಗಿದ್ದವು. ಒಂದೊಂದರ ಮೂಲೆಯಲ್ಲೂ ಬಿಳಿ ಪಟ್ಟೆ, ಅದರ ಮೇಲೆ ಮುದ್ದಾದ ಕಪ್ಪು ಅಂಕಿ.

"ಕಾಕಾ, ಇದನ್ನ ನೀರಿನಿಂದ ತೆಗೆದಿರಾ?"

"ಒದ್ದೆ ಮೇಲೆ ಬಣ್ಣ ಹಿಡಿಯತ್ತಾ ಬೇನ್? ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದೆ. ಚೆನ್ನಾಗಿ ಒಣಗಿತು. ಬರೆದು, ವಾರ್ನಿಷ್ ಹಚ್ಚಿ, ಅದೂ ಒಣಗಿದ ಮೇಲೆ ಮತ್ತೆ ನೀರಿಗೇ ಹಾಕಿದ್ದೀನಿ. ನೀರು ಕಡಿಮೆ ಆಗಬಾರದು ಅಂತ ನೀವು ಹೇಳಿದ್ರಂತಲ್ಲ, ಕಾವಲಿನವನು ಹೇಳಿದ. ತೊಟ್ಟೀನಲ್ಲಿ ಒಂದು ಹನಿ ಕಡಿಮೆ ಆಗಿಲ್ಲ, ನೋಡಿ."

ಸೂರತ್ತಿನ ಬೇಸಿಗೆಯ ಬಿಸಿಲು. ನೀರಿಗೆ ಕೈ ಹಾಕಿದೆ. ಹಲಗೆಗಳು ಉದ್ದಕ್ಕೂ ಅಡ್ಡಕ್ಕೂ ಬಿರಿದಿದ್ದವು. ಅಂಚು ಮುದುಡಿ, ಒಂದಕ್ಕೊಂದು ಅಂಟಿಕೊಂಡಿದ್ದ ಸಂದು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಹುರಿಯನ್ನು ಮುಟ್ಟಿದರೆ ಪುಡಿ ಬಂತು. ಬಿಳಿ ಪಟ್ಟೆಗಳು ಮಾತ್ರ ಒಂದು ಚೂರೂ ಅಲ್ಲಾಡದೆ ಗಟ್ಟಿಯಾಗಿ ಕೂತಿದ್ದವು.

ಕಾಕಾ ಅವರ ಕೈ ಹಿಡಿದು ನೀರಿಗಿಳಿಸಿ, ಸಂದಿನ ಮೇಲೆ ಇಟ್ಟೆ.

ಅವರು ಬಹಳ ಹೊತ್ತು ಸವರಿದರು. "ಇದು ಮೊದಲೇ ಹೀಗಿತ್ತಾ ಬೇನ್?"

"ಇರಲಿಲ್ಲ."

"ಮಡಕೆ ಹೀಗಾಗಲ್ಲ. ಮೂಳೆನೂ ಹೀಗಾಗಲ್ಲ."

"ಇದು ಆಗುತ್ತೆ ಕಾಕಾ."

ಅವರು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತರು. "ನಂಬರ್ ಇಲ್ಲದಿದ್ದರೆ ಸಾಹೇಬರು ಇದನ್ನ ನಮ್ಮದು ಅಂತ ಒಪ್ಪುತ್ತಿರಲಿಲ್ಲ. ನಿಮಗೆ ಕೇಳೋ ಹಕ್ಕು ಸಿಗಲಿ ಅಂತ ಬಂದೆ" ಎಂದರು. ಅದೂ ನಿಜವೇ. ಅದು ಸುಳ್ಳಾಗಿದ್ದರೆ ಚೆನ್ನಾಗಿತ್ತು, ಬಾಯಿ ತುಂಬ ಬೈದು ಹಗುರಾಗಬಹುದಿತ್ತು.

ಸಾಹೇಬರು ಬಂದರು. ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿದರು. ನಾನು ಜಾಡಿಯಲ್ಲಿನ ಚೂರು ತೋರಿಸಿ, ಒಣಗದ ಹಲಗೆಯಾದರೆ ಹೀಗೇ ಉಳಿಸಬಲ್ಲೆ, ಇನ್ನೊಂದು ಅವಕಾಶ ಕೊಡಿ ಎಂದು ಗೋಗರೆದೆ. ಜೀವಮಾನದಲ್ಲಿ ಯಾರ ಮುಂದೆಯೂ ಹಾಗೆ ಗೋಗರೆದವಳಲ್ಲ. ಅವರು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಂಗೈಯಗಲದ ಚೂರು ಉಳಿಸಿದ್ದೀರಿ. ಹಲಗೆ ಉಳಿಸಿಲ್ಲ. ಇದನ್ನ ಹಿಡ್ಕೊಂಡು ನಾನು ಬಂದರಿನವರ ಮುಂದೆ ಹೇಗೆ ನಿಲ್ಲಲಿ ಹೇಳಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಡುವಾಗ ಕಾಕಾ ಕಡೆ ತಿರುಗಿ, "ಅಂಕಿ ಮಾತ್ರ ಚೆನ್ನಾಗಿ ಬರೆದಿದ್ದೀರಿ" ಎಂದರು. ಕಾಕಾ ತಲೆ ಎತ್ತಲಿಲ್ಲ.

ಇಲಾಖೆ ಹಡಗಿಗೆ ಎಳ್ಳುನೀರು ಬಿಟ್ಟಿತು. ಅಳಿವೆಯಲ್ಲಿ ಕಂಬ ಹೊಡೆಯುವ ಯಂತ್ರ ಬಂದು ನಿಂತಿತು. ಎಂಜಿನಿಯರರು ಹೋಟೆಲಿಗೇ ಬಂದು ನನ್ನನ್ನು ಕಂಡರು.

"ಬೇನ್, ಜೆಟ್ಟಿ ಸರಿಸೋ ಅಧಿಕಾರ ನನಗಿಲ್ಲ. ಆದರೆ ಒಂದೊಂದು ಕಂಬವನ್ನ ಮೊಳ, ಎರಡು ಮೊಳ ಅತ್ತಿತ್ತ ಇಳಿಸಿದರೆ ಯಾರೂ ಕೇಳಲ್ಲ. ಎಲ್ಲಿ ಹೊಡೀಲಿ ಅಂತ ನೀವೇ ತೋರಿಸಿ."

"ಹಡಗಿನ ಎಲ್ಲಿಗೆ ಚುಚ್ಚಬೇಕು ಅಂತ ನನ್ನ ಬಾಯಲ್ಲೇ ಹೇಳಿಸ್ತೀರಾ?"

"ನೀವು ಹೇಳದಿದ್ದರೆ ಅಳತೆ ಹಗ್ಗ ಹೇಳುತ್ತೆ. ಅದಕ್ಕೆ ನಿಮ್ಮಷ್ಟು ಕಣ್ಣಿಲ್ಲ."

ಅವರು ಹೋದ ಮೇಲೂ ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಒಲ್ಲೆ ಎಂದು ರೈಲು ಹತ್ತಬಹುದಿತ್ತು. ಕೈ ಚೊಕ್ಕವಾಗಿ ಉಳಿಯುತ್ತಿತ್ತು, ಹಡಗು ಮಾತ್ರ ಪುಡಿಯಾಗುತ್ತಿತ್ತು. ಮರುದಿನ ಇಳಿತಕ್ಕೆ ಸೀರೆ ಎತ್ತಿಕಟ್ಟಿ ಇಳಿದೆ. ಸಣ್ಣ ಬಿದಿರುಕಡ್ಡಿಯನ್ನು ಕೆಸರಿಗೆ ಚುಚ್ಚಿ ಚುಚ್ಚಿ, ಎಲ್ಲಿ ತಡೆಯುತ್ತದೆ ಎಲ್ಲಿ ಇಲ್ಲ ಎಂದು ಹಡಗಿನ ಆಕಾರ ತಿಳಿದುಕೊಂಡೆ. ನಡುವಿನ ಪಕ್ಕೆಮರಗಳು ಹೋಗಲಿ. ಹಿಂಭಾಗ ಹೇಗೂ ಹೋಗಿದೆ. ಮುಂಭಾಗದ ಮೂತಿಯ ಕಡೆಯ ಹೊಲಿಗೆ ಎಲ್ಲಕ್ಕಿಂತ ಗಟ್ಟಿಯಾಗಿತ್ತು, ಅದು ಉಳಿಯಬೇಕು. ಆ ಜಾಗ ಎರಡು ಕಂಬಗಳ ನಡುವೆ ಬರುವಂತೆ ಕೆಂಪು ಚಿಂದಿ ಕಟ್ಟಿದ ಬಿದಿರು ನೆಟ್ಟೆ. ಮಿಕ್ಕ ಕಡೆಯೂ ನೆಟ್ಟೆ. ಒಂದೊಂದು ನೆಡುವಾಗಲೂ ಕಡ್ಡಿಯ ತುದಿಗೆ ಮೆತ್ತಗೆ ಮರ ತಗಲುತ್ತಿತ್ತು.

ಕಂಬ ಇಳಿಯುವಾಗ ನಾನು ಅಲ್ಲೇ ನಿಂತಿದ್ದೆ. ಭಾರ ಮೇಲಿಂದ ಬೀಳುತ್ತಿತ್ತು, ನೆಲ ನಡುಗುತ್ತಿತ್ತು. ಒಂದು ಕಂಬದ ಬುಡದಿಂದ ಕೆಸರಿನ ಜೊತೆ ನಾರಿನ ಕಪ್ಪು ಮುದ್ದೆಯೊಂದು ಉಕ್ಕಿ ಬಂತು. ಎಂಜಿನಿಯರರು ಮುಖ ಆ ಕಡೆ ತಿರುಗಿಸಿದರು. ಮೂತಿಯ ಭಾಗದ ಮೇಲೆ ಹಲಗೆಗೆ ಹೊದಿಸಿದ್ದ ಹೋಟೆಲಿನ ಗೋಣಿಚೀಲಗಳಿಗೇ ಮರಳು ತುಂಬಿಸಿ ಹೇರಿಸಿ, ಅದರ ಮೇಲೆ ಕೆಸರು ಎಳೆಸಿದರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಬೋಟಿನ ಗತಿ ಎಂತಾಯ್ತು ಅಕ್ಕಾ?" ಹೋಟೆಲ್ ಯಜಮಾನರು ಕಾಫಿ ತಂದಿಟ್ಟು ಕೇಳಿದರು.

"ಉಳಿಸ್ತೇನೆ ಅಂತ ಬಂದವಳು ಎಲ್ಲೆಲ್ಲಿ ಒಡೀಬೇಕು ಅಂತ ತೋರಿಸಿ ಬಂದೆ."

"ಅರ್ಧ ಆದ್ರೂ ಕೆಸರಿನಡಿ ಉಂಟಲ್ಲ. ಯಾರ ಕಣ್ಣಿಗೂ ಬೀಳದಿದ್ರೆ ಇರ್ತದೆ ಬಿಡಿ ಮಾರಾಯ್ರೇ."

ಮಳೆಗಾಲವಿಡೀ ವಡೋದರಾದಲ್ಲಿ ಕಿಲುಬು ತಿಕ್ಕುತ್ತ ನಾನು ಅದೇ ಮಾತನ್ನು ನಂಬಿಕೊಂಡಿದ್ದೆ. ಒಣಗಿದ ನಾಲ್ಕು ಹಲಗೆ ನಮ್ಮ ಸ್ಟೋರಿಗೆ ಬಂದಿದ್ದವು. ತಿಂಗಳು ತಿಂಗಳಿಗೂ ಉದುರುತ್ತಿದ್ದವು. ಕಾಕಾ ಆ ಕಪಾಟಿನ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು. ಮಳೆ ನಿಂತ ಮೇಲೆ, ಜೆಟ್ಟಿಯ ಅಡಿ ನೋಡಿ ಬರುತ್ತೇನೆ ಎಂದೆ. "ನಾನೂ ಬರ್ತೀನಿ ಬೇನ್" ಎಂದರು.

ಇಳಿತ ಚೆನ್ನಾಗಿ ಇಳಿದಿತ್ತು. ಜೆಟ್ಟಿಯ ಮೇಲೆ ಸಾಮಾನು ಇಳಿಸುವ ಗದ್ದಲ. ಎಂಜಿನಿಯರರಿಗೆ ಬೇರೆ ಊರಿಗೆ ವರ್ಗವಾಗಿತ್ತು. ನಾವಿಬ್ಬರೂ ಮೆಟ್ಟಿಲಿಳಿದು ಕಂಬಗಳ ನಡುವೆ ಹೋದೆವು. ಮಳೆಗಾಲದ ಪ್ರವಾಹ ಕಂಬಗಳಿಗೆ ಬಡಿದು, ಸಂದಿನಲ್ಲಿ ನುಗ್ಗಿ, ನುಗ್ಗಿದ ಕಡೆಯಲ್ಲೆಲ್ಲ ಕೆಸರನ್ನು ಬಗೆದು ಹಾಕಿತ್ತು. ಎಲ್ಲಕ್ಕಿಂತ ಆಳವಾಗಿ ಬಗೆದದ್ದು ನಾನು ಬಿಡಿಸಿ ಇಟ್ಟ ಜಾಗವನ್ನು. ಮೂತಿಯನ್ನು ಉಳಿಸಲೆಂದು ಎರಡು ಕಂಬ ದೂರ ಮಾಡಿಸಿದ್ದೆ. ಆ ಬಾಗಿಲಲ್ಲೇ ನೀರು ಹಾದಿತ್ತು. ಮರಳಿನ ಚೀಲಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಹಲಗೆಗಳು ಬತ್ತಲೆಯಾಗಿ ಮೇಲೆದ್ದಿದ್ದವು. ಮೈತುಂಬ ಹುಳು ಕೊರೆದ ತೂತು. ಹೊಲಿಗೆಯ ಹುರಿ ಬಿಚ್ಚಿ, ನಿಂತ ನೀರಿನಲ್ಲಿ ಅಲ್ಲಾಡುತ್ತಿತ್ತು.

ಹೇಳಬೇಕಾದವರಿಗೆ ಹೇಳಿದೆ. ನೆಲ ನಿಮ್ಮದಲ್ಲವೇ ಎಂದರು ಬಂದರಿನವರು, ನೀರು ಅವರದಲ್ಲವೇ ಎಂದರು ನಮ್ಮವರು. ಆದರೆ ಅದು ಆಮೇಲಿನ ಮಾತು. ಆಗ ನಾನು ಮಂಡಿಯೂರಿ ಕೂತು ಎರಡೂ ಕೈಯಿಂದ ಕೆಸರು ಬಾಚಿ ಬಾಚಿ ಹಲಗೆಯ ಮೇಲೆ ಮೆತ್ತತೊಡಗಿದೆ. ಉಪಯೋಗವಿಲ್ಲ ಎಂದು ಗೊತ್ತಿತ್ತು, ಕೈ ಕೇಳಲಿಲ್ಲ. ಕಾಕಾ ಧೋತಿ ಎತ್ತಿ ಕಟ್ಟಿ, ಬಿದ್ದಿದ್ದ ಚೀಲಗಳನ್ನು ಹುಡುಕಿ ತಂದು, ಕೆಸರು ತುಂಬಿ ತುಂಬಿ ಒತ್ತಿದರು. ಪಾದಕ್ಕೆ ಉಬ್ಬರದ ನೀರು ತಣ್ಣಗೆ ತಗಲಿದಾಗ ಅವರೇ ಎದ್ದರು.

"ಮೇಲೆ ಬನ್ನಿ ಬೇನ್. ನೀರು ಬಂತು."

ಮೆಟ್ಟಿಲ ಮೇಲೆ ನಿಂತು ನೋಡಿದೆವು. ಕಂದು ನೀರು ಕಂಬಗಳ ನಡುವೆ ನುಗ್ಗಿ ನಾವು ಮುಚ್ಚಿದ್ದನ್ನೆಲ್ಲ ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಂದು ಗೋಣಿಚೀಲ ಖಾಲಿಯಾಗಿ ತೇಲಿ ಹೊರಬಂತು. ನಮ್ಮ ಹೋಟೆಲಿನ ಅಕ್ಕಿಯ ಚೀಲ. ಕಾಕಾ ಬಗ್ಗಿ ಅದನ್ನು ಹಿಡಿದು, ಜೆಟ್ಟಿಯ ಮೇಲೆ ಬಂದು, ಬಿಸಿಲು ಬಿದ್ದ ಕಡೆ ಕಟ್ಟೆಯ ಮೇಲೆ ಒಣಗಲೆಂದು ನೀಟಾಗಿ ಹರಡಿದರು. ಹರಡಿದವರು ನನ್ನ ಮುಖ ನೋಡಿದರು. ತಕ್ಷಣ ಅದನ್ನು ಎಳೆದುಕೊಂಡು, ತೊಟ್ಟಿಕ್ಕುತ್ತಿದ್ದ ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಸ್ಟೇಷನ್ನಿನ ಕಡೆ ನಡೆದರು.